ಆತ್ಮರಕ್ಷಣೆಗೆ ಮರೆಯಲ್ಲಿ ಪಿಸ್ತೂಲು ಒಯ್ಯುವುದು: ಅಮೆರಿಕದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ನಮ್ಮವರು ಪಿಸ್ತೂಲಿನ ಮಾತೆತ್ತಿದರೆ ಮೊದಲು ಕೇಳುವುದು ‘ಯಾವುದನ್ನು ಕೊಳ್ಳಲಿ?’ ಎಂದು. ಆ ಪ್ರಶ್ನೆಗೂ ಇಲ್ಲಿ ಉತ್ತರವಿದೆ, ಆದರೆ ಅದಕ್ಕೆ ಮುಂಚೆ ತಿಳಿದುಕೊಳ್ಳಬೇಕಾದದ್ದು ಬಹಳ. ನಾನು ಶೂಟಿಂಗ್ ರೇಂಜಿನಲ್ಲಿ ಹೊಸಬರಿಗೆ ಪಾಠ ಹೇಳುವವನು. ಕೆಳಗಿರುವವು ಅಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳು. ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ, ವರ್ಷದಿಂದ ವರ್ಷಕ್ಕೂ ಬದಲಾಗುತ್ತದೆ. ನಿಮ್ಮ ರಾಜ್ಯದ ಈಗಿನ ನಿಯಮವನ್ನು ವಕೀಲರಿಂದಲೋ ರಾಜ್ಯ ಪೊಲೀಸರಿಂದಲೋ ಖಚಿತಪಡಿಸಿಕೊಳ್ಳದೆ ಒಂದು ಹೆಜ್ಜೆಯನ್ನೂ ಇಡಬೇಡಿ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಪಿಸ್ತೂಲು ಇಟ್ಟುಕೊಳ್ಳಬಹುದೇ?

ಬಹುತೇಕ ಇಲ್ಲ. ಇದನ್ನು ಎಲ್ಲಕ್ಕಿಂತ ಮೇಲೆ ಇಟ್ಟಿರುವುದು ಬೇಕೆಂದೇ. ಎಚ್-1ಬಿ, ಎಚ್-4, ಎಲ್-1, ಎಫ್-1, ಪ್ರವಾಸಿ ವೀಸಾ ಮುಂತಾದ ತಾತ್ಕಾಲಿಕ ವೀಸಾಗಳ ಮೇಲೆ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ವಶದಲ್ಲಿಟ್ಟುಕೊಳ್ಳುವುದನ್ನು ಕೇಂದ್ರ ಕಾನೂನು ನಿಷೇಧಿಸುತ್ತದೆ. 2022ರ ತಿದ್ದುಪಡಿಯ ನಂತರ ಇದಕ್ಕೆ ಗರಿಷ್ಠ ಶಿಕ್ಷೆ 15 ವರ್ಷ ಸೆರೆವಾಸ. ‘ನಾನೇನೂ ಕೊಳ್ಳುವುದಿಲ್ಲ, ಗೆಳೆಯನದನ್ನು ಒಂದು ವಾರ ಇಟ್ಟುಕೊಳ್ಳುತ್ತೇನೆ’ ಎಂದರೂ ನಡೆಯದು. ರೇಂಜಿನಲ್ಲಿ ಬಾಡಿಗೆಗೆ ಪಡೆದು ಹೊಡೆಯುವುದೂ ವಶದಲ್ಲಿಟ್ಟುಕೊಂಡಂತೆಯೇ.

ಕೆಲವು ವಿನಾಯಿತಿಗಳಿವೆ. ಹೆಚ್ಚು ಕೇಳಿಬರುವುದು ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಆ ಕಾಗದ ಕೈಯಲ್ಲಿದ್ದರೆ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಪೇಟೆಯಲ್ಲಿ ಓಡಾಡಬಹುದು ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ವರ್ಷಗಟ್ಟಲೆ ಗ್ರೀನ್ ಕಾರ್ಡಿನ ಸರದಿಯಲ್ಲಿ ಕಾದು ನಿಂತವರು ಒಂದು ತಪ್ಪು ಸಲಹೆಗೆ ಎಲ್ಲವನ್ನೂ ಕಳೆದುಕೊಳ್ಳಬಾರದು. ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳಿ, ಅದೂ ಬಂದೂಕನ್ನು ಮುಟ್ಟುವ ಮೊದಲೇ.

ಗ್ರೀನ್ ಕಾರ್ಡ್ ಬಂದಿದೆ. ಈಗಲಾದರೂ?

ಕಾಯಂ ನಿವಾಸಿಗಳಿಗೆ ಕೇಂದ್ರ ಕಾನೂನಿನಲ್ಲಿ ಆ ಅಡ್ಡಿ ಇಲ್ಲ. ಅಂಗಡಿಯಲ್ಲಿ ಫಾರಂ 4473 ತುಂಬಬೇಕು, ಹಿನ್ನೆಲೆ ತಪಾಸಣೆ ನಡೆಯುತ್ತದೆ, ಪರವಾನಗಿ ಪಡೆದ ವ್ಯಾಪಾರಿಯಿಂದ ಪಿಸ್ತೂಲು ಕೊಳ್ಳಲು 21 ವರ್ಷ ತುಂಬಿರಬೇಕು. ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರಿಗೆ, ಕೌಟುಂಬಿಕ ಹಿಂಸೆಯ ಸಣ್ಣ ಪ್ರಕರಣದಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾದವರಿಗೂ ಅವಕಾಶವಿಲ್ಲ. ಗಾಂಜಾ ಬಳಸುತ್ತೀರಾ ಎಂದು ಫಾರಂ ಕೇಳುತ್ತದೆ. ನಿಮ್ಮ ರಾಜ್ಯದಲ್ಲಿ ಅದು ಕಾನೂನುಬದ್ಧವಾಗಿದ್ದರೂ ಕೇಂದ್ರದ ಲೆಕ್ಕ ಬೇರೆ ಎಂದು ಅಲ್ಲಿಯೇ ಎಚ್ಚರಿಸಲಾಗಿದೆ. ಸುಳ್ಳು ಬರೆಯುವುದೇ ಒಂದು ಪ್ರತ್ಯೇಕ ಅಪರಾಧ.

ಗ್ರೀನ್ ಕಾರ್ಡ್ ಹೊಂದಿದವರು ಇನ್ನೊಂದು ಮಾತನ್ನು ನೆನಪಿಡಬೇಕು. ಬಂದೂಕಿಗೆ ಸಂಬಂಧಿಸಿದ ಅಪರಾಧದಲ್ಲಿ ಶಿಕ್ಷೆಯಾದರೆ ಗಡೀಪಾರಿಗೆ ಅದೇ ಕಾರಣವಾಗಬಹುದು. ನಾಗರಿಕನೊಬ್ಬ ದಂಡ ಕಟ್ಟಿ ಹೊರಬರುವ ತಪ್ಪಿಗೆ ನೀವು ದೇಶವನ್ನೇ ಬಿಡಬೇಕಾದೀತು.

ಒಯ್ಯಲು ಪರವಾನಗಿ ಬೇಕೇ ಬೇಕೇ?

ರಾಜ್ಯವನ್ನು ಅವಲಂಬಿಸಿದೆ. 2024ರಲ್ಲಿ ದಕ್ಷಿಣ ಕ್ಯಾರೊಲಿನಾ ಮತ್ತು ಲೂಸಿಯಾನಾ ಸೇರಿಕೊಂಡ ಮೇಲೆ 29 ರಾಜ್ಯಗಳಲ್ಲಿ, ಅರ್ಹ ವಯಸ್ಕರು ಪರವಾನಗಿಯಿಲ್ಲದೆ ಮರೆಯಲ್ಲಿ ಪಿಸ್ತೂಲು ಒಯ್ಯಬಹುದು. ವರ್ಮಾಂಟ್ ರಾಜ್ಯವಂತೂ ಇಂಥ ಪರವಾನಗಿಯನ್ನು ಎಂದೂ ಕೇಳಿದ್ದೇ ಇಲ್ಲ. ಇನ್ನೊಂದು ತುದಿಯಲ್ಲಿ ನ್ಯೂಯಾರ್ಕ್ ಇದೆ: ಅಲ್ಲಿ 16 ಗಂಟೆ ತರಗತಿ, 2 ಗಂಟೆ ಗುಂಡು ಹೊಡೆಯುವ ತರಬೇತಿ ಕಡ್ಡಾಯ. ಕ್ಯಾಲಿಫೋರ್ನಿಯಾ ಕೂಡ ಹೊಸಬರಿಗೆ ಕನಿಷ್ಠ 16 ಗಂಟೆಗಳ ತರಬೇತಿ ಕೇಳುತ್ತದೆ.

ನಮ್ಮ ರಾಜ್ಯದಲ್ಲಿ ಬೇಡವೆಂದಾದರೆ ಸುಮ್ಮನೆ ಯಾಕೆ ಪಡೆಯಬೇಕು?

ಪಡೆಯಿರಿ. ಶಾಲೆಗಳ ಸುತ್ತ 1,000 ಅಡಿ ವ್ಯಾಪ್ತಿಯಲ್ಲಿ ಬಂದೂಕು ಒಯ್ಯುವುದನ್ನು ಕೇಂದ್ರ ಕಾನೂನು ತಡೆಯುತ್ತದೆ, ಆ ರಾಜ್ಯದ ಪರವಾನಗಿ ಇದ್ದವರಿಗೆ ಅದರಿಂದ ವಿನಾಯಿತಿಯಿದೆ. ಯಾವುದೇ ಊರಿನ ನಕಾಶೆ ತೆಗೆದು ಪ್ರತಿ ಶಾಲೆಯ ಸುತ್ತ 1,000 ಅಡಿಯ ವೃತ್ತ ಎಳೆದು ನೋಡಿ. ಮನೆಯಿಂದ ದಿನಸಿ ಅಂಗಡಿಗೆ ಹೋಗುವ ದಾರಿಯೇ ಅದರೊಳಗೆ ಬಿದ್ದಿರುತ್ತದೆ. ಪರವಾನಗಿಯಿದ್ದರೆ ನೆರೆಯ ಹಲವು ರಾಜ್ಯಗಳು ಅದನ್ನು ಮಾನ್ಯ ಮಾಡುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ತರಗತಿಯಲ್ಲಿ ಕುಳಿತು ಕಾನೂನನ್ನು ಒಮ್ಮೆಯಾದರೂ ಕ್ರಮವಾಗಿ ಕೇಳಿರುತ್ತೀರಿ. ಸರ್ಕಾರ ಬಲವಂತ ಮಾಡದ ಕಡೆ ನಾವೇ ನಮ್ಮನ್ನು ಬಲವಂತ ಮಾಡಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದು ಹಕ್ಕು ಎನ್ನುತ್ತಾರಲ್ಲ, ಎಂದಿನಿಂದ?

ಸಂವಿಧಾನದ ಎರಡನೆಯ ತಿದ್ದುಪಡಿ 1791ರದು. ಆದರೆ ಮನೆಯೊಳಗೆ ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದ್ದು 2008ರ ಹೆಲ್ಲರ್ ತೀರ್ಪಿನಲ್ಲಿ. 2010ರಲ್ಲಿ ಅದು ರಾಜ್ಯಗಳಿಗೂ ಅನ್ವಯವಾಯಿತು. ಮನೆಯ ಹೊರಗೆ ಒಯ್ಯುವ ಹಕ್ಕನ್ನು ಎತ್ತಿಹಿಡಿದದ್ದು 2022ರ ಜೂನ್ 23ರ ಬ್ರೂಯೆನ್ ತೀರ್ಪು. ಅಲ್ಲಿಯವರೆಗೆ ನ್ಯೂಯಾರ್ಕಿನಲ್ಲಿ ‘ನನಗೆ ವಿಶೇಷ ಕಾರಣವಿದೆ’ ಎಂದು ಅಧಿಕಾರಿಯ ಮುಂದೆ ತೋರಿಸಿದವರಿಗಷ್ಟೇ ಪರವಾನಗಿ ಸಿಗುತ್ತಿತ್ತು. ಹಕ್ಕಿದೆ ಎಂದ ಮಾತ್ರಕ್ಕೆ ಎಲ್ಲಿ ಬೇಕಾದರೂ, ಹೇಗೆ ಬೇಕಾದರೂ ಎಂದಲ್ಲ. ಇದೇ ನ್ಯಾಯಾಲಯ 2024ರಲ್ಲಿ, ಕೌಟುಂಬಿಕ ಹಿಂಸೆಯ ತಡೆಯಾಜ್ಞೆಗೆ ಒಳಗಾದ ಅಪಾಯಕಾರಿ ವ್ಯಕ್ತಿಯ ಕೈಯಿಂದ ಬಂದೂಕನ್ನು ದೂರವಿಡಬಹುದು ಎಂದಿತು.

ಸರಿ, ಯಾವುದನ್ನು ಕೊಳ್ಳಲಿ?

ಕೊಳ್ಳುವ ಮುಂಚೆ ಬಾಡಿಗೆಗೆ ಪಡೆದು ಹಲವನ್ನು ಹೊಡೆದು ನೋಡಿ. ಬಹುತೇಕರಿಗೆ 9 ಎಂಎಂ ಪಿಸ್ತೂಲು ಸಾಕು: ಹೊಡೆದಾಗ ಕೈಗೆ ಬೀಳುವ ಒದೆತ ತಡೆದುಕೊಳ್ಳುವಷ್ಟಿರುತ್ತದೆ, ಗುಂಡುಗಳು ಎಲ್ಲೆಡೆ ಸಿಗುತ್ತವೆ. ಗ್ಲಾಕ್ 19, ಸಿಗ್ ಸಾವರ್ ಪಿ365 ಈ ವರ್ಗದಲ್ಲಿ ಹೆಚ್ಚು ಕಾಣುವ ಹೆಸರುಗಳು. ರಿವಾಲ್ವರ್ ಕೂಡ ಒಳ್ಳೆಯ ಆಯ್ಕೆಯೇ, ಮುಖ್ಯವಾಗಿ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಹಿಂದಕ್ಕೆಳೆಯಲು ಕೈಯಲ್ಲಿ ಬಲ ಸಾಲದವರಿಗೆ. ಆದರೆ ಅದರ ಟ್ರಿಗರ್ ಗಡುಸು, ಐದಾರು ಗುಂಡುಗಳಷ್ಟೇ ಹಿಡಿಯುತ್ತದೆ.

ಹೊಸಬರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅಂಗಡಿಯವರು ಅಂಗೈಯಗಲದ ಪುಟ್ಟ ಪಿಸ್ತೂಲನ್ನು ಮುಂದಿಡುವುದುಂಟು. ನನಗೆ ಇದು ಸಿಟ್ಟು ತರಿಸುವ ಸಂಗತಿ. ಪಿಸ್ತೂಲು ಹಗುರವಾದಷ್ಟೂ ಒದೆತ ಜೋರು. ಹಿಡಿ ಗಿಡ್ಡವಾದರೆ ಕಿರುಬೆರಳಿಗೆ ಜಾಗವಿರುವುದಿಲ್ಲ, ಪ್ರತಿ ಹೊಡೆತಕ್ಕೂ ಹಿಡಿತ ಜಾರುತ್ತದೆ. ಮರೆಮಾಡಲು ಸುಲಭವಾದದ್ದು ಗುರಿಯಿಡಲು ಕಷ್ಟ. ಇವೆರಡರ ನಡುವೆ ನಿಮ್ಮ ಕೈಗೆ ಎಲ್ಲಿ ಹೊಂದುತ್ತದೆ ಎಂಬುದನ್ನು ಅಂಗಡಿಯವನು ಹೇಳಲಾರ, ರೇಂಜಿನ ಕಾಗದದ ಗುರಿ ಹೇಳುತ್ತದೆ.

ಗುಂಡಿನ ಬಗ್ಗೆ ಒಂದು ಮಾತು. ಆತ್ಮರಕ್ಷಣೆಗೆ ಸಾಮಾನ್ಯವಾಗಿ ತುದಿಯಲ್ಲಿ ಕುಳಿಯಿರುವ ಗುಂಡನ್ನು ಬಳಸುತ್ತಾರೆ. ಅದು ದೇಹದೊಳಗೆ ಅರಳಿಕೊಳ್ಳುವುದರಿಂದ ಹೊರಗೆ ಹಾದು ಹಿಂದಿರುವವರಿಗೆ ತಗಲುವ ಸಂಭವ ಕಡಿಮೆ. ನ್ಯೂಜೆರ್ಸಿಯಂಥ ಕಡೆ ಇದಕ್ಕೂ ನಿರ್ಬಂಧಗಳಿವೆ. ಮ್ಯಾಗಜೀನಿನಲ್ಲಿ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ) 10ಕ್ಕಿಂತ ಹೆಚ್ಚು ಗುಂಡು ಇರಬಾರದೆಂಬ ನಿಯಮ ಅಲ್ಲಿಯೂ ಕ್ಯಾಲಿಫೋರ್ನಿಯಾ, ನ್ಯೂಯಾರ್ಕುಗಳಲ್ಲಿಯೂ ಇದೆ.

ಹೋಲ್‌ಸ್ಟರ್ (ಪಿಸ್ತೂಲಿನ ಒರೆ) ಇಲ್ಲದೆ ಜೇಬಿನಲ್ಲೋ ಸೊಂಟದಲ್ಲೋ ಸಿಕ್ಕಿಸಿಕೊಂಡರೆ ಆಗದೇ?

ಆಗದು. ಸಿನಿಮಾದಲ್ಲಿ ಪ್ಯಾಂಟಿನ ಹಿಂದೆ ತುರುಕಿಕೊಳ್ಳುವುದನ್ನು ನೋಡಿ ಕಲಿತದ್ದನ್ನು ಇಲ್ಲಿಯೇ ಮರೆತುಬಿಡಿ. ಹೋಲ್‌ಸ್ಟರಿನ ಮೊದಲ ಕೆಲಸ ಟ್ರಿಗರನ್ನು ಪೂರ್ತಿ ಮುಚ್ಚುವುದು. ಎರಡನೆಯದು, ನೀವು ಓಡಿದರೂ ಬಿದ್ದರೂ ಪಿಸ್ತೂಲು ಕಳಚಿ ಬೀಳದಂತೆ ಹಿಡಿದಿಡುವುದು. ಕೈಡೆಕ್ಸ್ ಎಂಬ ಗಡುಸು ಪ್ಲಾಸ್ಟಿಕ್ಕಿನಲ್ಲಿ ನಿಮ್ಮ ಪಿಸ್ತೂಲಿನ ಅಚ್ಚಿಗೇ ಮಾಡಿದ್ದನ್ನು ಕೊಳ್ಳಿ. ಎಲ್ಲದಕ್ಕೂ ಆಗುತ್ತದೆ ಎಂದು ಮಾರುವ ಮೆತ್ತನೆಯ ಬಟ್ಟೆಯ ಚೀಲ ಬೇಡ. ಜೊತೆಗೆ ಬಾಗದ ಗಟ್ಟಿ ಬೆಲ್ಟು ಬೇಕು. ಬೆಲ್ಟು ಮೆತ್ತಗಿದ್ದರೆ ಪಿಸ್ತೂಲು ಹೊರಕ್ಕೆ ವಾಲುತ್ತದೆ, ಅಂಗಿಯ ಮೇಲೆ ಉಬ್ಬು ಕಾಣುತ್ತದೆ, ನೀವು ದಿನವಿಡೀ ಅಂಗಿ ಸರಿಪಡಿಸಿಕೊಳ್ಳುತ್ತಿರುತ್ತೀರಿ. ಬಲ್ಲವರಿಗೆ ಗುಟ್ಟು ಬಿಟ್ಟುಕೊಡುವುದು ಆ ಉಬ್ಬಿಗಿಂತ ಹೆಚ್ಚಾಗಿ ಆ ಕೈಯೇ.

ಇನ್ನು ಅಪಾಯದ ಗಳಿಗೆಯೆಂದರೆ ಪಿಸ್ತೂಲನ್ನು ಹೋಲ್‌ಸ್ಟರಿಗೆ ಮರಳಿಸುವುದು. ಅಂಗಿಯ ಅಂಚು, ಜಾಕೆಟ್ಟಿನ ಲಾಡಿ, ಲಾಡಿಯ ತುದಿಯಲ್ಲಿರುವ ಪ್ಲಾಸ್ಟಿಕ್ ಗುಂಡಿ ಟ್ರಿಗರಿನ ಬಳೆಯೊಳಗೆ ಸಿಕ್ಕಿಕೊಳ್ಳುತ್ತದೆ. ನೀವು ಕೆಳಕ್ಕೆ ಒತ್ತಿದಾಗ ಅದೇ ಟ್ರಿಗರನ್ನು ಎಳೆಯುತ್ತದೆ; ಗುಂಡು ನಿಮ್ಮ ತೊಡೆಗೇ. ಅಂಗಿಯನ್ನು ಇನ್ನೊಂದು ಕೈಯಿಂದ ಎದೆಯವರೆಗೆ ಎತ್ತಿ ಹಿಡಿಯಿರಿ, ಬೆರಳನ್ನು ಪಿಸ್ತೂಲಿನ ಪಕ್ಕಕ್ಕೆ ನೇರವಾಗಿ ಚಾಚಿ, ಹೋಲ್‌ಸ್ಟರಿನ ಬಾಯನ್ನು ಕಣ್ಣಾರೆ ನೋಡುತ್ತಾ ನಿಧಾನವಾಗಿ ಇಳಿಸಿ. ಏನಾದರೂ ತಡೆದರೆ ನಿಲ್ಲಿಸಿ, ಒತ್ತಬೇಡಿ. ಬೇಗ ಮರಳಿಸಿದ್ದಕ್ಕೆ ಯಾರೂ ಬಹುಮಾನ ಕೊಡುವುದಿಲ್ಲ.

ಕೈಚೀಲದಲ್ಲಿಟ್ಟುಕೊಳ್ಳುವ ಬಗ್ಗೆ ಹಲವು ಮಹಿಳೆಯರು ಕೇಳುತ್ತಾರೆ. ಚೀಲವನ್ನು ಕಿತ್ತುಕೊಂಡು ಓಡಿದವನಿಗೆ ಪಿಸ್ತೂಲೂ ಸಿಕ್ಕಂತಾಯಿತು. ಚೀಲವನ್ನು ಕುರ್ಚಿಗೆ ನೇತುಹಾಕಿ ಎದ್ದುಹೋದರೆ ಮಗುವಿನ ಕೈಗೆ ಸಿಕ್ಕಂತಾಯಿತು. ಸಾಧ್ಯವಾದಷ್ಟೂ ಮೈಮೇಲೆಯೇ ಇರಲಿ. ಬೆಲ್ಟ್ ಹಾಕದ ಉಡುಪಿಗೆ ಹೊಟ್ಟೆಗೆ ಸುತ್ತುವ ಪಟ್ಟಿಗಳಿವೆ, ಟ್ರಿಗರಿನ ಮೇಲೆ ಗಡುಸು ಹೊದಿಕೆ ಇರುವಂಥದ್ದನ್ನು ಆರಿಸಿ.

ಚೇಂಬರಿನಲ್ಲಿ (ನಳಿಕೆಯ ಹಿಂದೆ, ಹೊಡೆಯಲು ಸಿದ್ಧವಾದ ಗುಂಡು ಕೂರುವ ಜಾಗ) ಗುಂಡು ಇಟ್ಟುಕೊಂಡೇ ಒಯ್ಯಬೇಕೇ?

ನುರಿತವರು ಹೆಚ್ಚಿನವರು ಹಾಗೆಯೇ ಒಯ್ಯುತ್ತಾರೆ, ಏಕೆಂದರೆ ದಾಳಿಯ ಹೊತ್ತಿನಲ್ಲಿ ಸ್ಲೈಡ್ ಎಳೆಯಲು ಎರಡು ಕೈಯೂ ಬಿಡುವಾಗಿರುತ್ತವೆ ಎಂಬ ಭರವಸೆಯಿಲ್ಲ. ಆದರೆ ಅದಕ್ಕೆ ಹೆದರುವವರಿಗೆ ನಾನು ‘ಧೈರ್ಯ ಮಾಡಿ’ ಎಂದು ಹೇಳುವುದಿಲ್ಲ. ಆ ಹೆದರಿಕೆ ಅಭ್ಯಾಸ ಸಾಲದು ಎನ್ನುತ್ತಿದೆ. ಅದು ತಾನಾಗಿ ಕರಗುವವರೆಗೆ ರೇಂಜಿನಲ್ಲಿರಿ, ಬೀದಿಗೆ ಒಯ್ಯಬೇಡಿ.

ಎಷ್ಟು ಅಭ್ಯಾಸ ಬೇಕು?

ಪರವಾನಗಿಯ ಪರೀಕ್ಷೆ ಪಾಸಾದದ್ದು ಅಭ್ಯಾಸವಲ್ಲ. ನಿಂತಲ್ಲೇ ನಿಂತು, ಹೊತ್ತು ತೆಗೆದುಕೊಂಡು, ಅಲುಗಾಡದ ಕಾಗದಕ್ಕೆ ಹೊಡೆದಿರುತ್ತೀರಿ. 1983ರಲ್ಲಿ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನಿಸ್ ಟ್ಯುಲರ್ ಒಂದು ಸರಳ ಪರೀಕ್ಷೆಯ ಬಗ್ಗೆ ಬರೆದರು: ಚಾಕು ಹಿಡಿದ ಆರೋಗ್ಯವಂತ ಗಂಡಸು 21 ಅಡಿಯನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಿಬಿಡುತ್ತಾನೆ. ಅಂಗಿ ಎತ್ತಿ, ಹಿಡಿ ಸಿಕ್ಕಿ, ಪಿಸ್ತೂಲು ಹೊರಬಂದು, ಗುರಿಯಿಟ್ಟು ಹೊಡೆಯಲು ಹೊಸಬರಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆದ್ದರಿಂದ ದೂರ ಉಳಿಯುವುದು, ಪಕ್ಕಕ್ಕೆ ಸರಿಯುವುದು, ನಡುವೆ ಕಾರನ್ನೋ ಮೇಜನ್ನೋ ತಂದುಕೊಳ್ಳುವುದು ಪಿಸ್ತೂಲು ಎಳೆಯುವಷ್ಟೇ ಮುಖ್ಯವಾದ ಪಾಠ.

ಮನೆಯಲ್ಲಿ ಖಾಲಿ ಪಿಸ್ತೂಲಿನಿಂದ ಅಭ್ಯಾಸ ಮಾಡಬಹುದು. ಗುಂಡುಗಳೆಲ್ಲ ಬೇರೆ ಕೋಣೆಯಲ್ಲಿರಲಿ. ಮ್ಯಾಗಜೀನ್ ತೆಗೆದು, ಸ್ಲೈಡ್ ಎಳೆದು, ಚೇಂಬರನ್ನು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಪರೀಕ್ಷಿಸಿ. ಅಮೆರಿಕದ ಹೆಸರಾಂತ ಪಿಸ್ತೂಲು ತರಬೇತುದಾರ ಜೆಫ್ ಕೂಪರ್ ಕ್ರಮಗೊಳಿಸಿದ ನಾಲ್ಕು ನಿಯಮಗಳನ್ನು ಪ್ರತಿ ತರಬೇತುದಾರನೂ ಹೇಳುತ್ತಾನೆ: ಪ್ರತಿ ಬಂದೂಕಿನಲ್ಲೂ ಗುಂಡಿದೆ ಎಂದೇ ತಿಳಿಯಿರಿ, ನಾಶವಾಗಬಾರದ ಯಾವುದರತ್ತಲೂ ನಳಿಕೆ ತಿರುಗಿಸಬೇಡಿ, ಗುರಿ ಕೂಡುವವರೆಗೆ ಬೆರಳು ಟ್ರಿಗರಿನಿಂದ ಆಚೆ ಇರಲಿ, ಗುರಿ ಏನು, ಅದರ ಹಿಂದೇನಿದೆ ಎಂಬುದು ತಿಳಿದಿರಲಿ. ಒಂದನ್ನು ಮುರಿದರೂ ಉಳಿದವು ಕಾಪಾಡುವಂತೆ ಇವು ಹೆಣೆದುಕೊಂಡಿವೆ.

ಶೌಚಾಲಯಕ್ಕೆ ಹೋದಾಗ ಏನು ಮಾಡುವುದು?

ಕೇಳಲು ನಾಚುತ್ತಾರೆ, ಆದರೆ ಬಹಳ ಬೇಕಾದ ಪ್ರಶ್ನೆ. ಸಾರ್ವಜನಿಕ ಶೌಚಾಲಯಗಳಲ್ಲಿ ಪಿಸ್ತೂಲು ಮರೆತು ಬಂದ ಪ್ರಕರಣಗಳು ಪದೇ ಪದೇ ಸುದ್ದಿಯಾಗುತ್ತವೆ, ಮರೆತವರಲ್ಲಿ ಪೊಲೀಸರೂ ಇದ್ದಾರೆ. ಬಾಗಿಲ ಕೊಕ್ಕೆಗೆ ನೇತುಹಾಕಬೇಡಿ, ಕಾಗದದ ಪೆಟ್ಟಿಗೆಯ ಮೇಲೆ ಇಡಬೇಡಿ, ನೆಲದ ಮೇಲಂತೂ ಬೇಡವೇ ಬೇಡ. ಪಿಸ್ತೂಲನ್ನು ಹೋಲ್‌ಸ್ಟರಿನಿಂದ ಹೊರತೆಗೆಯಲೇಬೇಡಿ. ಹೋಲ್‌ಸ್ಟರ್ ಸಮೇತ ಕಳಚಿ, ಕೆಳಗಿಳಿಸಿದ ಪ್ಯಾಂಟಿನ ಮಡಿಲಲ್ಲಿ ಎರಡು ಕಾಲುಗಳ ನಡುವೆ ಇಟ್ಟುಕೊಳ್ಳಿ. ಅದನ್ನು ಎತ್ತದೆ ನೀವು ಏಳಲಾರಿರಿ, ಹಾಗಾಗಿ ಮರೆಯಲೂ ಆಗದು.

ಕಾರಿನಲ್ಲಿ ಬಿಟ್ಟು ಹೋಗಬಹುದೇ?

ಅನಿವಾರ್ಯವಾದರೆ ಮಾತ್ರ, ಸೀಟಿನ ಕೆಳಗೆ ಉಕ್ಕಿನ ಹಗ್ಗದಿಂದ ಬಿಗಿದ ಬೀಗದ ಪೆಟ್ಟಿಗೆಯಲ್ಲಿ. ಗ್ಲವ್ ಬಾಕ್ಸ್ ತಿಜೋರಿಯಲ್ಲ. ಕಳ್ಳರು ಮೊದಲು ತೆರೆಯುವುದೇ ಅದನ್ನು, ಮತ್ತು ಕಳುವಾದ ನಿಮ್ಮ ಪಿಸ್ತೂಲು ನಾಳೆ ಇನ್ನೊಬ್ಬರ ಮೇಲೆ ತಿರುಗುತ್ತದೆ.

ಎಲ್ಲೆಲ್ಲಿ ಒಯ್ಯಬಾರದು?

ಕೇಂದ್ರ ಸರ್ಕಾರದ ಕಟ್ಟಡಗಳು, ನ್ಯಾಯಾಲಯಗಳು, ವಿಮಾನ ನಿಲ್ದಾಣದ ತಪಾಸಣೆಯಾಚೆಯ ಭಾಗ ಎಲ್ಲೆಡೆಯೂ ನಿಷಿದ್ಧ. ಅಂಚೆ ಕಚೇರಿಯ ನಿಷೇಧ ಅದರ ಪಾರ್ಕಿಂಗಿಗೂ ಅನ್ವಯಿಸುತ್ತದೆ. ಅದರ ಮೇಲೆ ನ್ಯಾಯಾಲಯಗಳಲ್ಲಿ ವ್ಯಾಜ್ಯಗಳು ನಡೆದಿವೆ, ಆ ವ್ಯಾಜ್ಯದ ಮುಂದಿನ ಹೆಸರು ನಿಮ್ಮದಾಗುವುದು ಬೇಡ. ರಾಷ್ಟ್ರೀಯ ಉದ್ಯಾನಗಳಲ್ಲಿ 2010ರ ಫೆಬ್ರವರಿಯಿಂದ ಆಯಾ ರಾಜ್ಯದ ಕಾನೂನೇ ನಡೆಯುತ್ತದೆ. ಅಂದರೆ ಯೆಲ್ಲೋಸ್ಟೋನಿನ ಕಾಲುದಾರಿಯಲ್ಲಿ ಇರಬಹುದು, ಅಲ್ಲಿನ ಸಂದರ್ಶಕರ ಕೇಂದ್ರದೊಳಗೆ ಇರಬಾರದು. ಶಾಲೆ, ಆಸ್ಪತ್ರೆ, ಮದ್ಯದಂಗಡಿ, ದೇವಸ್ಥಾನಗಳಿಗೆ ರಾಜ್ಯಕ್ಕೊಂದು ನಿಯಮ. ದೇವಸ್ಥಾನದ ವಿಷಯದಲ್ಲಿ ಕಾನೂನು ಒಪ್ಪಿದರೂ ಆಡಳಿತ ಮಂಡಳಿಯನ್ನು ಕೇಳದೆ ಒಯ್ಯಬೇಡಿ. ಖಾಸಗಿ ಜಾಗದ ಒಡೆಯ ಬೇಡವೆಂದರೆ ಬೇಡ, ಟೆಕ್ಸಾಸಿನಲ್ಲಿ 30.06 ಎಂಬ ಸಂಖ್ಯೆಯಿರುವ ಫಲಕ ಕಂಡರೆ ಅದರ ಅರ್ಥ ಅದೇ.

ನನ್ನ ಪರವಾನಗಿ ಪಕ್ಕದ ರಾಜ್ಯದಲ್ಲಿ ನಡೆಯುತ್ತದೆಯೇ?

ಚಾಲನಾ ಪರವಾನಗಿಯ ಹಾಗೆ ಎಲ್ಲೆಡೆ ನಡೆಯುತ್ತದೆ ಎಂದುಕೊಂಡವರು ಜೈಲು ಕಂಡಿದ್ದಾರೆ. 2013ರಲ್ಲಿ ಪೆನ್ಸಿಲ್ವೇನಿಯಾದ ಪರವಾನಗಿ ಹೊಂದಿದ್ದ ಒಬ್ಬ ತಾಯಿ ಕಾರಿನಲ್ಲಿ ನ್ಯೂಜೆರ್ಸಿಗೆ ಹೋಗಿದ್ದರು. ಪೊಲೀಸರು ರಸ್ತೆ ನಿಯಮದ ವಿಚಾರವಾಗಿ ಕಾರು ನಿಲ್ಲಿಸಿದಾಗ, ತನ್ನ ಬಳಿ ಪಿಸ್ತೂಲು ಇದೆ ಎಂದು ತಾವೇ ಪ್ರಾಮಾಣಿಕವಾಗಿ ತಿಳಿಸಿದರು. ನ್ಯೂಜೆರ್ಸಿ ಹೊರಗಿನ ಪರವಾನಗಿಯನ್ನು ಒಪ್ಪುವುದಿಲ್ಲ. ಅವರ ಬಂಧನವಾಯಿತು, ವರ್ಷಗಳ ಜೈಲು ಶಿಕ್ಷೆ ಎದುರಾಯಿತು. ಕೊನೆಗೆ 2015ರಲ್ಲಿ ಗವರ್ನರ್ ಕ್ಷಮಾದಾನ ಕೊಟ್ಟ ಮೇಲೆ ಪೂರ್ತಿ ಬಿಡುಗಡೆ. ಎರಡು ರಾಜ್ಯಗಳ ನಡುವೆ ಇರುವುದು ಒಂದು ಸೇತುವೆ ಅಷ್ಟೇ. ನಮ್ಮವರು ವಾರಾಂತ್ಯದಲ್ಲಿ ನೆಂಟರ ಮನೆಗೆಂದು ದಾಟುವ ಸೇತುವೆಗಳೂ ಅಂಥವೇ.

ನಿಷೇಧವಿರುವ ರಾಜ್ಯವನ್ನು ಹಾದು ಹೋಗಲೇಬೇಕಾದರೆ 1986ರ ಕೇಂದ್ರ ಕಾನೂನು ಸ್ವಲ್ಪ ರಕ್ಷಣೆ ಕೊಡುತ್ತದೆ: ಹೊರಟ ಜಾಗದಲ್ಲೂ ತಲುಪುವ ಜಾಗದಲ್ಲೂ ಅದು ಕಾನೂನುಬದ್ಧವಾಗಿರಬೇಕು, ಗುಂಡು ತೆಗೆದಿರಬೇಕು, ಕೈಗೆಟಕದಂತೆ ಬೀಗ ಹಾಕಿ ಡಿಕ್ಕಿಯಲ್ಲಿಟ್ಟಿರಬೇಕು. ನಡುವೆ ತಂಗಿದರೆ ಆ ರಕ್ಷಣೆ ಕೈಕೊಡಬಹುದು.

ವಿಮಾನದಲ್ಲಿ?

ದೇಶದೊಳಗೆ, ಗುಂಡು ತೆಗೆದು, ಗಡುಸು ಪೆಟ್ಟಿಗೆಯಲ್ಲಿ ಬೀಗ ಹಾಕಿ, ಕೌಂಟರಿನಲ್ಲಿ ತಿಳಿಸಿ, ಚೆಕ್ ಇನ್ ಸಾಮಾನಿನಲ್ಲಿ ಕಳಿಸಬಹುದು. ಕೈಚೀಲದಲ್ಲಿ ಮರೆತು ತಂದರೆ ಸಾವಿರಾರು ಡಾಲರ್ ದಂಡ ಬೀಳಬಹುದು. 2023ರಲ್ಲಿ ಅಮೆರಿಕದ ತಪಾಸಣಾ ದ್ವಾರಗಳಲ್ಲಿ 6,737 ಬಂದೂಕುಗಳು ಸಿಕ್ಕವು, ಅವುಗಳಲ್ಲಿ ಶೇಕಡಾ 93ರಷ್ಟರಲ್ಲಿ ಗುಂಡು ತುಂಬಿತ್ತು. ಬಹುತೇಕರು ಹೇಳುವುದು ಒಂದೇ ಮಾತು: ಚೀಲದಲ್ಲಿತ್ತು ಎಂಬುದೇ ಮರೆತಿತ್ತು. ಎಲ್ಲಿದೆ ಎಂದು ಸದಾ ತಿಳಿದಿರಲಾರದವರು ಪಿಸ್ತೂಲು ಒಯ್ಯಬಾರದು. ಈ ಪುಟದಲ್ಲಿ ನಾನು ಇದಕ್ಕಿಂತ ಗಟ್ಟಿಯಾಗಿ ಹೇಳುವ ಮಾತು ಬೇರೆ ಇಲ್ಲ.

ಯಾವಾಗ ಬಳಸಬಹುದು?

ನೀವಾಗಿ ಜಗಳ ತೆಗೆದಿರಬಾರದು. ಪ್ರಾಣಕ್ಕೆ ಅಥವಾ ಗಂಭೀರ ಗಾಯಕ್ಕೆ ಕಾರಣವಾಗುವ ಬೆದರಿಕೆ ಆ ಕ್ಷಣದಲ್ಲೇ ಎದುರಿಗಿರಬೇಕು. ನಿನ್ನೆ ಬೆದರಿಸಿದ್ದ, ನಾಳೆ ಬರಬಹುದು ಎಂಬುದು ಸಾಲದು. ನಿಮ್ಮ ಜಾಗದಲ್ಲಿ ವಿವೇಕವಂತನಾದ ಇನ್ನೊಬ್ಬನಿದ್ದರೂ ಹಾಗೆಯೇ ನಂಬುತ್ತಿದ್ದ ಎಂದು ಜ್ಯೂರಿಗೆ ಮನವರಿಕೆಯಾಗಬೇಕು. ಅವನು ಓಡತೊಡಗಿದರೆ ಬೆದರಿಕೆ ಮುಗಿಯಿತು, ನಿಮ್ಮ ಅಧಿಕಾರವೂ ಮುಗಿಯಿತು.

ಹಿಂದೆ ಸರಿಯಲು ಸುರಕ್ಷಿತ ದಾರಿಯಿದ್ದರೆ ಸರಿಯಲೇಬೇಕು ಎಂದು ನ್ಯೂಯಾರ್ಕಿನಂಥ ರಾಜ್ಯಗಳ ಕಾನೂನು. 2005ರಲ್ಲಿ ಫ್ಲಾರಿಡಾ, ನೀವು ಇರಲು ಹಕ್ಕಿರುವ ಜಾಗದಿಂದ ಸರಿಯಬೇಕಿಲ್ಲ ಎಂಬ ಕಾನೂನು ತಂದಿತು. ಹಲವು ರಾಜ್ಯಗಳು ಅದೇ ದಾರಿ ಹಿಡಿದವು. ಮನೆಯೊಳಗೆ ನುಗ್ಗಿದವನ ವಿಷಯದಲ್ಲಿ ಬಹುತೇಕ ಕಡೆ ನಿಮಗೆ ಹೆಚ್ಚಿನ ರಕ್ಷಣೆಯಿದೆ. ಕಾನೂನು ಏನೇ ಇರಲಿ, ಸರಿಯಲು ಆಗುವಾಗ ಸರಿಯಿರಿ. ಪರ್ಸು, ಫೋನು, ಕಾರು ಕೇಳಿದರೆ ಕೊಟ್ಟುಬಿಡಿ. ಸೊಂಟದಲ್ಲಿ ಪಿಸ್ತೂಲಿರುವ ದಿನ ಬೈಗುಳವನ್ನು ಕೇಳಿಸಿಕೊಂಡು ಸುಮ್ಮನೆ ನಡೆದುಬಿಡುವುದು, ಪಾರ್ಕಿಂಗ್ ಜಾಗವನ್ನು ಬಿಟ್ಟುಕೊಡುವುದು ನಿಮ್ಮ ಪಾಲಿನ ಕರ್ತವ್ಯ. ಆ ತಾಳ್ಮೆ ಇಲ್ಲದವರಿಗೆ ಪಾಠ ಹೇಳಲು ನಾನು ಒಪ್ಪುವುದಿಲ್ಲ.

ಹೆದರಿಸಲು ತೋರಿಸಿದರೆ ಸಾಕಲ್ಲವೇ? ಗಾಳಿಯಲ್ಲಿ ಒಂದು ಗುಂಡು ಹಾರಿಸಿದರೆ?

ಎರಡೂ ಬೇಡ. ಹೊಡೆಯುವ ನ್ಯಾಯಸಮ್ಮತ ಕಾರಣವಿಲ್ಲದಾಗ ತೋರಿಸುವುದೇ ಅಪರಾಧವಾಗಬಹುದು. ಗಾಳಿಗೆ ಹಾರಿಸಿದ ಗುಂಡು ಎಲ್ಲೋ ಒಂದು ಕಡೆ ಬಿದ್ದೇ ಬೀಳುತ್ತದೆ.

ಪೊಲೀಸರು ಕಾರು ನಿಲ್ಲಿಸಿದರೆ?

ಒಳಗಿನ ದೀಪ ಹಾಕಿ, ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲಿಡಿ. ಮಿಷಿಗನ್ನಿನಂಥ ರಾಜ್ಯಗಳಲ್ಲಿ ಕೇಳುವ ಮುಂಚೆಯೇ ತಿಳಿಸುವುದು ಕಡ್ಡಾಯ. ಕೆಲವೆಡೆ ಕೇಳಿದರೆ ಹೇಳಬೇಕು. ‘ನನ್ನ ಬಳಿ ಪರವಾನಗಿಯಿದೆ, ನಾನು ಈಗ ಒಯ್ಯುತ್ತಿದ್ದೇನೆ, ನಾನೇನು ಮಾಡಬೇಕು ಹೇಳಿ’ ಎಂದರೆ ಸಾಕು. ‘ಗನ್’ ಎಂಬ ಪದವನ್ನು ಮೊದಲ ಮಾತಾಗಿ ಆಡಬೇಡಿ. ತೋರಿಸಲು ಕೈ ಹಾಕಲೇಬೇಡಿ.

ಗುಂಡು ಹೊಡೆಯಬೇಕಾಗಿ ಬಂದ ಮೇಲೆ ಏನು?

ಸುರಕ್ಷಿತ ಜಾಗಕ್ಕೆ ಸರಿದು 911ಕ್ಕೆ ಕರೆ ಮಾಡಿ: ಎಲ್ಲಿದ್ದೀರಿ, ದಾಳಿಯಾಯಿತು, ಪೊಲೀಸರೂ ಆಂಬುಲೆನ್ಸೂ ಬೇಕು, ನಿಮ್ಮ ಉಡುಪಿನ ಗುರುತು. ಬರುವ ಪೊಲೀಸರಿಗೆ ಕಾಣುವುದು ಪಿಸ್ತೂಲು ಹಿಡಿದ ಒಬ್ಬ ಅಪರಿಚಿತ. ಅವರು ಬರುವ ಮುಂಚೆ ಅದು ಹೋಲ್‌ಸ್ಟರಿನಲ್ಲಿರಲಿ, ಕೈಗಳು ಖಾಲಿಯಾಗಿ ಕಾಣಲಿ, ಹೇಳಿದಂತೆ ಕೇಳಿ. ಸಾಕ್ಷಿಗಳನ್ನೂ ಆಯುಧ ಬಿದ್ದಿರುವ ಜಾಗವನ್ನೂ ತೋರಿಸಿ. ಉಳಿದದ್ದನ್ನು ವಕೀಲರ ಜೊತೆಗಿದ್ದು ಹೇಳುತ್ತೇನೆ ಎನ್ನಿ, ಆಮೇಲೆ ಮೌನವಾಗಿರಿ. ಅದು ಸಂವಿಧಾನ ಕೊಟ್ಟ ಹಕ್ಕು. ಆ ಹೊತ್ತಿನಲ್ಲಿ ಕೈ ನಡುಗುತ್ತದೆ, ನಾಲಿಗೆ ಒಣಗುತ್ತದೆ, ಬಾಯಿಗೆ ಮೊದಲು ಬರುವುದು ಕನ್ನಡವೇ. ಹಾಗಾಗಿ 911ಕ್ಕೆ ಹೇಳಬೇಕಾದ ಆ ನಾಲ್ಕು ಇಂಗ್ಲಿಷ್ ವಾಕ್ಯಗಳನ್ನು ಈಗಲೇ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಿ.

ಮನೆಯಲ್ಲಿ ಮಕ್ಕಳಿದ್ದಾರೆ. ಊರಿನಿಂದ ಅಪ್ಪ ಅಮ್ಮನೂ ಬರುತ್ತಾರೆ.

ಪಿಸ್ತೂಲು ನಿಮ್ಮ ಮೈಮೇಲೆ ಇಲ್ಲವಾದರೆ ಬೀಗ ಹಾಕಿದ ಸೇಫಿನಲ್ಲಿರಬೇಕು, ಮೂರನೆಯ ಜಾಗವಿಲ್ಲ. ದಿಂಬಿನ ಕೆಳಗೆ, ಬೀರುವಿನ ಮೇಲೆ, ದೇವರ ಮನೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದನ್ನು ಮಕ್ಕಳು ಹುಡುಕಿಯೇ ಹುಡುಕುತ್ತಾರೆ. ಪ್ರವಾಸಿ ವೀಸಾದಲ್ಲಿ ಬಂದ ತಂದೆತಾಯಿಗೆ ಸೇಫಿನ ಕೀಲಿಯನ್ನಾಗಲಿ ಸಂಖ್ಯೆಯನ್ನಾಗಲಿ ಕೊಡಬೇಡಿ. ಮೇಲೆ ಹೇಳಿದ ವೀಸಾ ನಿಷೇಧ ಅವರಿಗೂ ಇದೆ; ತೆರೆಯುವ ದಾರಿ ಗೊತ್ತಿದ್ದರೆ ಅವರ ವಶದಲ್ಲಿತ್ತು ಎಂಬ ವಾದಕ್ಕೆ ಎಡೆಯಾಗುತ್ತದೆ. ಎಚ್-4 ವೀಸಾದಲ್ಲಿರುವ ಪತಿ ಅಥವಾ ಪತ್ನಿಗೂ ಇದೇ ಮಾತು.

ಮನಸ್ಸು ಸರಿಯಿಲ್ಲದ ದಿನಗಳಲ್ಲಿ?

ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಹೊರಗಿನ ದಾಳಿಕೋರನ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ನಾವು ಇದರ ಬಗ್ಗೆ ಬಾಯಿ ಬಿಡುವುದಿಲ್ಲ. ಕೆಲಸ ಹೋದಾಗ, ಸಂಸಾರ ಒಡೆದಾಗ, ಊರಿನಲ್ಲಿ ಹತ್ತಿರದವರು ತೀರಿಕೊಂಡು ಹೋಗಲಾಗದೆ ಉಳಿದಾಗ ಪಿಸ್ತೂಲು ಮನೆಯಿಂದ ಹೊರಗಿರಲಿ. ರಾಜ್ಯದ ಕಾನೂನು ನೋಡಿಕೊಂಡು ನಂಬಿಕೆಯ ಗೆಳೆಯರ ಬಳಿಯೋ, ಇಟ್ಟುಕೊಳ್ಳಲು ಒಪ್ಪುವ ಬಂದೂಕಿನ ಅಂಗಡಿಯಲ್ಲೋ ಕೆಲವು ಕಾಲ ಇರಿಸಿ. ಆತ್ಮಹತ್ಯೆ ತಡೆಯ ಸಹಾಯವಾಣಿ 988ಕ್ಕೆ ಕರೆ ಮಾಡಿದರೆ ಹಗಲಿರುಳು ಮಾತಿಗೆ ಸಿಗುತ್ತಾರೆ. ಗೆಳೆಯರಲ್ಲಿ ಇಂಥ ಕುಗ್ಗುವಿಕೆ ಕಂಡರೆ, ನೀವು ಮೇಲೆ ಹೇಳಿದ ತಾತ್ಕಾಲಿಕ ವೀಸಾದಲ್ಲಿ ಇಲ್ಲದಿದ್ದರೆ, ‘ನಿನ್ನ ಪಿಸ್ತೂಲನ್ನು ಸ್ವಲ್ಪ ದಿನ ನಾನು ಇಟ್ಟುಕೊಳ್ಳಲೇ?’ ಎಂದು ನೀವಾಗಿಯೇ ಕೇಳಿ. ಅವರು ಬೇಸರಪಟ್ಟುಕೊಂಡರೂ ಪರವಾಗಿಲ್ಲ.

ಗೆಳೆಯರ ಮನೆಯ ಹಬ್ಬಕ್ಕೆ ಹೋಗುವಾಗ ಒಯ್ಯಲೇ? ಹೇಳಲೇ?

ಒಯ್ಯುತ್ತೇನೆ ಎಂದು ಊರಿಗೆಲ್ಲ ಹೇಳಬೇಡಿ, ಅದು ಮರೆಯಲ್ಲಿರುವುದೇ ಒಳ್ಳೆಯದು. ಆದರೆ ಇನ್ನೊಬ್ಬರ ಮನೆಯ ಹೊಸ್ತಿಲು ದಾಟುವಾಗ ಮನೆಯವರಿಗೆ ತಿಳಿಯುವ ಹಕ್ಕಿದೆ ಎಂದು ನಾನು ನಂಬುತ್ತೇನೆ, ಕೆಲವು ರಾಜ್ಯಗಳಲ್ಲಿ ಅವರ ಒಪ್ಪಿಗೆ ಕಾನೂನಿನಂತೆಯೂ ಬೇಕು. ಅಂಥ ಮನೆಗಳಲ್ಲಿ ಮಕ್ಕಳು ಓಡಿಬಂದು ಸೊಂಟ ತಬ್ಬುತ್ತಾರೆ, ಮಡಿಲೇರಿ ಕೂರುತ್ತಾರೆ. ನೆಲದ ಮೇಲೆ ಎಲೆ ಹಾಕಿ ಊಟಕ್ಕೆ ಕುಳಿತರೆ ಅಂಗಿ ಮೇಲಕ್ಕೆ ಸರಿಯುತ್ತದೆ. ಅಂದು ನಿಮ್ಮ ಮನೆಯ ಸೇಫಿನಲ್ಲೇ ಇಟ್ಟು ಹೋಗಿ.

ಒಂದು ಬಿಯರ್ ಕುಡಿದರೆ?

ಒಂದು ಹನಿಯೂ ಬೇಡ. ಕುಡಿಯುವ ದಿನ ಒಯ್ಯಬೇಡಿ, ಒಯ್ಯುವ ದಿನ ಕುಡಿಯಬೇಡಿ.

ವೀಸಾದ ಕಾರಣಕ್ಕೆ ಒಯ್ಯಲಾಗದವರು ಏನು ಮಾಡಬೇಕು?

ಪೆಪ್ಪರ್ ಸ್ಪ್ರೇ ಬಹುತೇಕ ಕಡೆ ಸಿಗುತ್ತದೆ, ಗಾತ್ರ ಮತ್ತು ವಯಸ್ಸಿನ ನಿಯಮ ನೋಡಿಕೊಳ್ಳಿ. ಪಿಸ್ತೂಲು ಇದ್ದವರಿಗೂ ಅದು ಬೇಕು, ಏಕೆಂದರೆ ಮೈಮೇಲೆ ಬೀಳುವ ಕುಡುಕನಿಗೆ ಗುಂಡು ಉತ್ತರವಲ್ಲ. ರಕ್ತಸ್ರಾವ ನಿಲ್ಲಿಸುವ ಟೂರ್ನಿಕೆಟ್ ಪಟ್ಟಿಯನ್ನು ಕಟ್ಟಲು ಕಲಿಯಿರಿ; ಅಪಘಾತದ ಸ್ಥಳದಲ್ಲಿ ಅದು ಕೆಲಸಕ್ಕೆ ಬರುವ ಸಂಭವ ಪಿಸ್ತೂಲಿಗಿಂತ ಎಷ್ಟೋ ಹೆಚ್ಚು.

ಭಾರತಕ್ಕೆ ಹೋಗುವಾಗ ಏನಾದರೂ ಎಚ್ಚರಿಕೆ?

ಪಿಸ್ತೂಲನ್ನು ಒಯ್ಯಲಾಗದು ಎಂಬುದು ಎಲ್ಲರಿಗೂ ಗೊತ್ತು. ಸಿಕ್ಕಿಬೀಳುವುದು ಗುಂಡಿನಿಂದ. ರೇಂಜಿಗೆ ಒಯ್ದ ಬೆನ್ನುಚೀಲವನ್ನೇ ತಿಂಗಳ ನಂತರ ಪ್ರಯಾಣಕ್ಕೆ ತೆಗೆದುಕೊಳ್ಳುತ್ತಾರೆ, ಹೊಲಿಗೆಯ ಮೂಲೆಯಲ್ಲಿ 9 ಎಂಎಂ ಗುಂಡೊಂದು ಉಳಿದಿರುತ್ತದೆ. ಭಾರತದ ವಿಮಾನ ನಿಲ್ದಾಣದಲ್ಲಿ ಅದು ಎಕ್ಸ್-ರೇಯಲ್ಲಿ ಕಂಡರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗುತ್ತದೆ. ಗೊತ್ತಿಲ್ಲದೆ ಉಳಿದಿತ್ತು ಎಂದು ತೋರಿಸಿದವರ ಪ್ರಕರಣಗಳನ್ನು ಹೈಕೋರ್ಟುಗಳು ರದ್ದು ಮಾಡಿದ್ದುಂಟು, ಆದರೆ ಅಷ್ಟರೊಳಗೆ ರಜೆಯೂ ಹಿಂದಿರುಗುವ ಟಿಕೆಟ್ಟೂ ಕೈತಪ್ಪಿರುತ್ತವೆ. ರೇಂಜಿಗೆಂದೇ ಬೇರೆ ಬಣ್ಣದ ಒಂದು ಚೀಲ ಇಟ್ಟುಕೊಳ್ಳಿ, ಅದು ವಿಮಾನ ನಿಲ್ದಾಣದ ಬಾಗಿಲು ಕಾಣದಿರಲಿ. ಹೊರಡುವ ಹಿಂದಿನ ದಿನ ಪ್ರಯಾಣದ ಚೀಲಗಳನ್ನು ತಲೆಕೆಳಗು ಮಾಡಿ ಕೊಡವಿ, ಒಳಜೇಬುಗಳನ್ನು ಹೊರಮಗುಚಿ, ನೀವು ರೇಂಜಿಗೆ ತೊಟ್ಟುಹೋಗುವ ಜಾಕೆಟ್ಟಿನ ಜೇಬುಗಳಲ್ಲೂ ಕೈಯಾಡಿಸಿ ನೋಡಿ.